ಕೊನೆಗೆ ಹಾಕುವ ತಲೆಕಟ್ಟು

ಶಿವಾಜಿನಗರದ ಗಲ್ಲಿಯಲ್ಲಿ ಬಷೀರ್ ಸಾಹೇಬರ ಬೈಂಡಿಂಗ್ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಗೋಂದಿನ ವಾಸನೆ ಬಂತು. ಮೈದಾ ಹಿಟ್ಟು ಕುದಿಸಿ, ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಹಿಟ್ಟಿನ ಹುಳಿಯೂ ತಾಮ್ರದ ಕಹಿಯೂ ಬೆರೆತ ಆ ವಾಸನೆಗೆ ನನ್ನ ಕಾಲು ಮೆಟ್ಟಿಲ ಮೇಲೆಯೇ ನಿಂತಿತು. ಎರಡೂ ಕೈಯಲ್ಲಿ, ಊಟದ ತಟ್ಟೆ ಹಿಡಿದಂತೆ ಅಡ್ಡವಾಗಿ, ಬಟ್ಟೆ ಹೊದಿಸಿದ ಒಂದು ಸ್ಲೇಟನ್ನು ಹಿಡಿದುಕೊಂಡಿದ್ದೆ. ಅದಕ್ಕೊಂದು ಪೆಟ್ಟಿಗೆ ಮಾಡಿಸಬೇಕಿತ್ತು.

"ಬನ್ನಿ ಶರಣಮ್ಮ ಮೇಡಂ," ಎಂದರು ಸಾಹೇಬರು. ಕೆಲಸ ಹೇಳಿದೆ. ಅವರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು. "ಕುರಾನ್ ಷರೀಫ್‌ಗೆ ಪೆಟ್ಟಿಗೆ ಮಾಡಿದೀನಿ. ಬೈಬಲ್‌ಗೆ ಮಾಡಿದೀನಿ. ಮದುವೆ ಆಲ್ಬಮ್‌ಗೆ ಲೆಕ್ಕಾನೇ ಇಲ್ಲ. ಸ್ಲೇಟಿಗೆ ಇದೇ ಫಸ್ಟು."

"ಮುಚ್ಚಳ ಬರಹಕ್ಕ ತಾಗಬಾರದ್ರಿ," ಎಂದೆ.

ಅವರು ರಟ್ಟು ಹುಡುಕಲು ಒಳಗೆ ಹೋದರು. ನಾನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತೆ. ಹೋದ ಮಳೆಗಾಲದಲ್ಲಿ ಇದೇ ಸ್ಟೂಲಿನ ಮೇಲೆ ಫಾದರ್ ಇನ್ನಾಸಪ್ಪ ಕುಳಿತಿದ್ದರು, ತೊಡೆಯ ಮೇಲೆ ಒಂದು ದಪ್ಪ ಪುಸ್ತಕ ಇಟ್ಟುಕೊಂಡು.

ನಾನು ಮಳಖೇಡದ ಹತ್ತಿರದ ಹಳ್ಳಿಯವಳು. ಕಲಬುರಗಿ ಕಡೆ ಕಲ್ಲಿನ ಶಾಸನಗಳ ಪಡಿಯಚ್ಚು ತೆಗೆಯುವ ಕೆಲಸ ಮಾಡುತ್ತಿದ್ದೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ತಟ್ಟುವುದು. ಕಾಲ ಬರೆದಿರದ ಶಾಸನಕ್ಕೆ ಅಕ್ಷರದ ಆಕಾರ ನೋಡಿ ಕಾಲ ಹೇಳುವುದನ್ನು ಅಲ್ಲಿಯೇ ಕಲಿತೆ. ಆ ಕೆಲಸ ನಿಂತುಹೋದ ಮೇಲೆ ರಾಮಮೂರ್ತಿ ನಗರದಲ್ಲಿ ಆಟೋ ಓಡಿಸುವ ಅಣ್ಣನ ಬಾಡಿಗೆ ಮನೆಗೆ ಬಂದೆ. ಕೆಲಸ ಕಲಿಸಿದ್ದ ಮೇಷ್ಟರು ಫೋನ್ ಮಾಡಿ, ಕಂಟೋನ್ಮೆಂಟಿನಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಒಂದು ಗುರುಮಠವಿದೆ, ಅಲ್ಲಿನ ಗ್ರಂಥಾಲಯದ ಹಿರಿಯ ಪಾದ್ರಿಗೆ ಅಕ್ಷರ ನೋಡುವ ಕಣ್ಣು ಬೇಕಂತೆ, ಹೋಗಿ ನೋಡು ಎಂದರು.

ಹೋದೆ. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ದಪ್ಪ ಮಸೂರ. ಪಾದ್ರಿ ಎಂದು ಹೇಳಿದರಷ್ಟೇ ಗೊತ್ತಾಗುವಂಥ ಮನುಷ್ಯ. ಫಾದರ್ ಇನ್ನಾಸಪ್ಪನವರಿಗೆ ಎಂಬತ್ತು ದಾಟಿತ್ತು.

"ಲ್ಯಾಟಿನ್ ಬರುತ್ತೇನಮ್ಮಾ?"

"ಬರಂಗಿಲ್ರಿ."

"ಒಳ್ಳೇದಾಯ್ತು," ಎಂದರು. ನಾನು ತಮಾಷೆ ಎಂದುಕೊಂಡೆ. "ಬರೋರು ಓದೋಕೆ ಶುರು ಮಾಡ್ಬಿಡ್ತಾರೆ. ಓದೋನಿಗೆ ಅಕ್ಷರ ಕಾಣಲ್ಲ. ಅರ್ಥ ಅಡ್ಡ ಬಂದು ನಿಂತ್ಕೊಳುತ್ತೆ. ನಂಗೆ ಆಗಿರೋದು ಅದೇ. ನೀನು ನೋಡು, ಸಾಕು."

ನೋಡಬೇಕಾದದ್ದು ಇನ್ನೂ ಪುಸ್ತಕದೊಳಗೆ ಅಂಟಿಕೊಂಡಿತ್ತು. ಹಿಂದಿನ ಕಾಲದ ಪಾದ್ರಿಗಳು ಹಡಗಿನಲ್ಲಿ ತಂದ, ಅಚ್ಚಾದ ಲ್ಯಾಟಿನ್ ಪ್ರವಚನಗಳ ಪುಸ್ತಕ ಅದು. ಯುರೋಪಿನ ಯಾರೋ ಬೈಂಡರ್, ಅದಕ್ಕಿಂತ ಎಷ್ಟೋ ಹಳೆಯ ಕೈಬರಹದ ತೊಗಲಿನ ಹಾಳೆಗಳನ್ನು ರದ್ದಿಯೆಂದು ತಿಳಿದು, ರಟ್ಟಿನ ಒಳಮೈಗೆ ಅಂಟಿಸಿದ್ದ. ಮುಂದಿನ ರಟ್ಟಿಗೆ ಒಂದು, ಹಿಂದಿನದಕ್ಕೆ ಒಂದು. ಗ್ರಂಥಾಲಯದ ಛಾವಣಿ ಸೋರಿ, ತೇವಕ್ಕೆ ಅಂಚು ಬಿಟ್ಟುಕೊಂಡು, ಒಳಗಿನ ಬರಹ ಇಣುಕಿತ್ತು.

ಆ ಹಾಳೆಗಳನ್ನು ಬಿಡಿಸಿದ್ದು ಬಷೀರ್ ಸಾಹೇಬರು. ಮೈಲುತುತ್ತವಿಲ್ಲದ ತೆಳು ಗೋಂದನ್ನು ರಟ್ಟಿನ ಅಂಚಿಗೆ ಬಳಿದು, ಕಾದು, ಹಳೆಯ ಅಂಟು ಮೆತ್ತಗಾದ ಮೇಲೆ ಮೂಳೆಯ ಪಟ್ಟಿಯಿಂದ ಎಳೆ ಎಳೆಯಾಗಿ ಎಬ್ಬಿಸುತ್ತಿದ್ದರು. ನೀರು ಸೋಕಿದರೆ ತೊಗಲು ಮುದುಡುತ್ತದೆ. ಫಾದರ್ ಈ ಸ್ಟೂಲಿನ ಮೇಲೆ ಕುಳಿತು ಉಸಿರು ಬಿಗಿ ಹಿಡಿದಿದ್ದರು.

"ಉಸಿರು ಬಿಡಿ ಫಾದರ್," ಎಂದರು ಸಾಹೇಬರು ತಲೆ ಎತ್ತದೆ. "ನಿಮ್ಗೇನಾದ್ರೂ ಆದ್ರೆ ಬಿಲ್ ಯಾರಿಗೆ ಕೊಡ್ಲಿ?"

ಅಂದಿನಿಂದ ನನ್ನ ಮಳೆಗಾಲ ಶುರುವಾಯಿತು. ಬೆಳಿಗ್ಗೆ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ನುಗ್ಗಿ, ಓಲ್ಡ್ ಮದ್ರಾಸ್ ರೋಡಿನಲ್ಲಿ ನಿಂತು ನಿಂತು, ಹಲಸೂರು ದಾಟಿ ಇಳಿಯುತ್ತಿದ್ದೆ. ಒದ್ದೆ ಕೊಡೆಯನ್ನು ಹೊರಗೆ ಬಿಟ್ಟು, ಕೈ ತೊಳೆದು ಒರೆಸಿ, ಕಿಟಕಿಯ ಬಳಿಯ ಮೇಜಿಗೆ ಕೂರುವುದು. ನಮ್ಮ ವಠಾರದ ಹೆಂಗಸರು ಏನು ಕೆಲಸ ಎಂದು ಕೇಳಿದರು. ಹಳೇ ಅಕ್ಷರ ನೋಡ್ತೀನಿ ಎಂದೆ. "ನೋಡಿದ್ದಕ್ಕೂ ಸಂಬಳ ಕೊಡ್ತಾರೇನ್ರೀ?" ಎಂದು ಪಕ್ಕದ ಮನೆಯವಳು ನಿಜವಾಗಿಯೂ ಅಚ್ಚರಿಪಟ್ಟಳು.

ಮೊದಲು ಫಾದರ್ ಹಾಳೆಯನ್ನು ತಲೆಕೆಳಗಾಗಿ ಇಡುತ್ತಿದ್ದರು. ಪದ ಕಾಣಬಾರದು, ಗೀಟು ಮಾತ್ರ ಕಾಣಬೇಕು. ಗರಿಯ ಲೇಖನಿ ಎಲ್ಲಿ ಇಳಿಯಿತು, ಎಲ್ಲಿ ಎತ್ತಿದರು, ದಪ್ಪ ಗೀಟು ಯಾವ ಓರೆಗೆ ಬಿತ್ತು. ಆಮೇಲೆ ಗಣಕದಲ್ಲಿ ಬೇರೆ ಬೇರೆ ಮಠಗಳ ಬರಹದ ಚಿತ್ರಗಳನ್ನು ತೆರೆದು ಪಕ್ಕದಲ್ಲಿಟ್ಟು ಹೋಲಿಸುವುದು. ಆಗಸ್ಟಿನ ಹೊತ್ತಿಗೆ ನನಗೆ ಅಕ್ಷರಗಳ ಮುಖ ಪರಿಚಯವಾಗಿತ್ತು, ಹೆಸರು ಹಿಡಿದು ಕರೆಯಲು ಬಾರದಿದ್ದರೂ.

ಮುಂದಿನ ರಟ್ಟಿನ ಹಾಳೆಯಲ್ಲಿ ಉದ್ದಗೀಟಿನ ಅಕ್ಷರಗಳ ನೆತ್ತಿಯ ಮೇಲೆ ಪುಟ್ಟ ಬೆಣೆಯಿತ್ತು. r ಎಂಬುದರ ಕಾಲು ಗೆರೆಯ ಕೆಳಗೆ ಇಳಿದು ಆ ಕಾಲದ ಉದ್ದನೆಯ s ಎಂಬುದನ್ನು ಹೋಲುತ್ತಿತ್ತು. g ಗೆ ಚಪ್ಪಟೆ ತಲೆ, ಕೆಳಗೆ ಬಾಲ. ಐರ್ಲೆಂಡ್ ಇಂಗ್ಲೆಂಡ್ ದ್ವೀಪಗಳ ಸನ್ಯಾಸಿಗಳು ಕಲಿತು, ಕಡಲು ದಾಟಿ ಹೋದಾಗ ಜೊತೆಗೆ ಒಯ್ದ ಬರವಣಿಗೆ ಅದು. ದ್ವೀಪದ ಲಿಪಿ ಎಂದೇ ನಾವು ಕರೆಯುತ್ತಿದ್ದೆವು. ಹಿಂದಿನ ರಟ್ಟಿನ ಹಾಳೆ ಬೇರೆಯೇ ಜಾತಿ. ದುಂಡಗೆ, ಬಿಡಿಬಿಡಿಯಾಗಿ, ಶಾಂತವಾಗಿ ಕುಳಿತ ಅಕ್ಷರಗಳು. ಫ್ರಾನ್ಸ್ ಜರ್ಮನಿ ಕಡೆಯ ಕ್ಯಾರೊಲಿಂಜಿಯನ್ ರಾಜರ ಕಾಲದಲ್ಲಿ, ಎಲ್ಲರೂ ಒಂದೇ ಥರ ಬರೆಯಲಿ ಎಂದು ಮಠದಿಂದ ಮಠಕ್ಕೆ ಹಬ್ಬಿದ ಹೊಸ ಲಿಪಿ. ಬಸ್ಸಿನ ಬೋರ್ಡಿನ ಮೇಲೆ ಇಂದು ಕಾಣುವ ಇಂಗ್ಲಿಷಿನ ಸಣ್ಣಕ್ಷರಗಳಿಗೆ ಅದು ಮುತ್ತಜ್ಜ.

"ಇವರು ಬರೆಯೋವಾಗ ನಿಮ್ಮ ಕಡೆ ಯಾರಮ್ಮಾ ಇದ್ದಿದ್ದು?" ಎಂದು ಫಾದರ್ ಒಂದು ದಿನ ಕೇಳಿದರು.

"ರಾಷ್ಟ್ರಕೂಟರ್ರಿ. ನಮ್ಮೂರಿಂದ ಅವರ ರಾಜಧಾನಿಗಿ ನಡಕೊಂಡು ಹೋಗಬಹುದು."

"ಹಾಗಾದ್ರೆ ನೀನು ರಾಜಧಾನಿಯವಳು. ಈ ಪಾಪದವನು ಚಳೀಲಿ, ಕಾಡಿನ ಮಧ್ಯೆ ಕೂತು ಗೀಚ್ತಿದ್ದ. ಸ್ವಲ್ಪ ಮರ್ಯಾದೆ ಕೊಟ್ಟು ನೋಡು ಅವನ್ನ."

ಅವರು ಎರಡು ಹಾಳೆಗೂ 'ಅವನು' ಎಂದೇ ಅನ್ನುತ್ತಿದ್ದರು. ಸೆಪ್ಟೆಂಬರಿನಲ್ಲಿ, ಶಿವಾಜಿನಗರದ ಚರ್ಚಿನಲ್ಲಿ ಮಾತೆಯ ಹಬ್ಬಕ್ಕೆ ಕಾವಿ ಸೀರೆಯ ಜನ ತುಂಬಿ ಬಸ್ಸುಗಳು ಬೇರೆ ದಾರಿ ಹಿಡಿದ ವಾರ, ಅದನ್ನು ಬಾಯಿಬಿಟ್ಟು ಹೇಳಿದರು.

"ಶರಣಮ್ಮಾ, ಈ ಎರಡೂ ಒಬ್ಬನೇ ಬರೆದಿದ್ದು ಅನ್ಸುತ್ತೆ ನಂಗೆ."

"ಅದ್ಹೆಂಗ್ರಿ ಫಾದರ್? ಒಂದು ಅಕ್ಷರಾನೂ ಕೂಡಂಗಿಲ್ಲ."

"ಲಿಪಿ ಕೂಡಲ್ಲ. ಲಿಪಿ ಅನ್ನೋದು ಕಲಿಸಿದ್ದು. ಕೈ ಅನ್ನೋದು ಬೇರೆ. ಚಿಕ್ಕೋನಿದ್ದಾಗ ದ್ವೀಪದ ಲಿಪಿ ಕಲ್ತಿರ್ತಾನೆ. ನಡುವಯಸ್ಸಲ್ಲಿ ಯಾರೋ ಬಂದು, ನಾಳೆಯಿಂದ ಹೀಗೆ ಬರೀಬೇಕು ಅಂದಿರ್ತಾರೆ."

"ಪುರಾವೆ ಎಲ್ಲದ್ರಿ?"

ಪುರಾವೆ ಇರಲಿಲ್ಲ. ಒಂದು ಕೀರ್ತನೆಗಳ ವ್ಯಾಖ್ಯಾನ, ಇನ್ನೊಂದು ಪ್ರವಚನದ ತುಣುಕು, ವಿಷಯದಿಂದ ಸಹಾಯವಿಲ್ಲ. ಒಂದೇ ಪುಸ್ತಕದ ರಟ್ಟಿನಲ್ಲಿ ಸಿಕ್ಕಿವೆಯಲ್ಲಾ ಎಂದು ಫಾದರ್ ಅಂದಾಗ ನಾನು ಬಷೀರ್ ಸಾಹೇಬರನ್ನೇ ಕೇಳಿದೆ. ಅವರು ನಕ್ಕರು. "ನಮ್ ಅಂಗಡೀಲಿ ಯಾವ ಚೂರು ಕೈಗೆ ಸಿಗುತ್ತೋ ಅದು ಒಳಗೆ ಹೋಗುತ್ತೆ ಮೇಡಂ. ಈ ಕಡೆ ಕ್ಯಾಲೆಂಡರ್, ಆ ಕಡೆ ಸಿನಿಮಾ ಪೋಸ್ಟರ್. ಅವೆರಡೂ ಅಣ್ಣತಮ್ಮ ಆಗ್ತಾವಾ?" ಅದು ನನಗೆ ಒಪ್ಪಿಗೆಯಾಯಿತು. ಎರಡು ಊರು, ಎರಡು ಕೈ, ಬಹುಶಃ ಎರಡು ತಲೆಮಾರು ಎಂದು ನನ್ನ ವಿವರಣೆಯಲ್ಲಿ ಬರೆದೆ. ಶಾಯಿಯ ಬಣ್ಣ ಅಲ್ಲಲ್ಲಿ ಏರುಪೇರಾಗಿರುವುದು ತೇವದಿಂದ ಎಂದೂ ಸೇರಿಸಿದೆ.

ಫಾದರ್ ಅದನ್ನು ಓದಿದರು. "ಸರಿ, ನೀನು ನೋಡಿದ್ದನ್ನ ನೀನು ಬರಿ," ಎಂದರು. ತಮ್ಮ ಸಹಿಯನ್ನೂ ಹಾಕಿದರು. ಅವರು ಕನ್ನಡ ಬರೆಯುವ ರೀತಿ ನನಗೆ ಆಗಲೇ ಗೊತ್ತಿತ್ತು, ಅದರ ಬಗ್ಗೆ ಒಮ್ಮೆ ನಕ್ಕೂ ಇದ್ದೆ. ಪದದ ಎಲ್ಲ ಅಕ್ಷರಗಳ ಒಡಲನ್ನು ಮೊದಲು ಬರೆದುಬಿಡುತ್ತಿದ್ದರು. ಆಮೇಲೆ ಮೊದಲಿನಿಂದ ಬಂದು ತಲೆಕಟ್ಟು, ಗುಡಿಸು, ಏತ್ವ ಎಲ್ಲವನ್ನೂ ಒಂದರ ಹಿಂದೆ ಒಂದು ಮೇಲೆ ಇಟ್ಟುಕೊಂಡು ಹೋಗುತ್ತಿದ್ದರು. ಹಲಸೂರಿನ ತಮಿಳು ಮನೆಯ ಹುಡುಗ. ಲ್ಯಾಟಿನ್‌ನಲ್ಲಿ ಪೂಜೆ ಮಾಡಲು ತಯಾರಾದವರು. ತಯಾರಿ ಮುಗಿಯುವ ಹೊತ್ತಿಗೆ ಜನರ ಭಾಷೆಯಲ್ಲಿ ಮಾಡಿ ಎಂದು ಅಪ್ಪಣೆ ಬಂತು, ಅವರನ್ನು ಕನ್ನಡದ ಊರಿಗೆ ಕಳಿಸಿದರು. ದೊಡ್ಡವರಾದ ಮೇಲೆ ಅ ಆ ಇ ಈ ತಿದ್ದಿದರು. ತಲೆಕಟ್ಟು ಎಂಬ ವಸ್ತುವೇ ಅವರ ಕೈಗೆ ಹೊಸದು.

"ಮೊದಲು ತಲೆ, ಆಮೇಲೆ ಪೇಟ," ಎಂದಿದ್ದರು ನಾನು ನಕ್ಕಾಗ. "ಪೇಟ ಹಾಕ್ಕೊಂಡು ಯಾರಾದ್ರೂ ಹುಟ್ತಾರೇನಮ್ಮಾ?"

ಅಕ್ಟೋಬರಿನಲ್ಲಿ ಎರಡು ಸಂಗತಿಗಳು ನಡೆದವು. ಛಾವಣಿ ರಿಪೇರಿಗೆ ಬಾರದಷ್ಟು ಹಾಳಾಗಿದೆ ಎಂದು ಗ್ರಂಥಾಲಯವನ್ನು ಖಾಲಿ ಮಾಡಲು ಗುರುಮಠದ ಮುಖ್ಯಸ್ಥರು ತೀರ್ಮಾನಿಸಿದರು. ಎಲ್ಲರೂ ಅವರನ್ನು ರೆಕ್ಟರ್ ಎನ್ನುತ್ತಿದ್ದರು. ಕೆಟ್ಟವರಲ್ಲ, ಸೋರುವ ಕಟ್ಟಡಕ್ಕೆ ಬಕೆಟ್ ಇಟ್ಟು ಸಾಕಾದವರು. ಚೆನ್ನೈನಲ್ಲಿ ಅವರ ಪಾದ್ರಿ ಪಂಗಡಕ್ಕೆ ಸೇರಿದ, ತಂಪು ಕೋಣೆಯಿರುವ ಗ್ರಂಥಾಲಯವೊಂದಿತ್ತು. ಅಪರೂಪದ ಕೆಲವನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿಯವರು ಹೇಳಿದ್ದರು. ದ್ವೀಪದ ಲಿಪಿಯ ಹಾಳೆ ಸಾಕು, ಇನ್ನೊಂದು ಶೈಲಿಯವು ಲೋಕದಲ್ಲಿ ಬೇಕಾದಷ್ಟಿವೆ, ಎರಡಕ್ಕೂ ಸಂಬಂಧವಿಲ್ಲ ಎಂದು ನಿಮ್ಮವರೇ ಬರೆದಿದ್ದಾರಲ್ಲ ಎಂದರಂತೆ. ಎರಡನೆಯದನ್ನು ಇದ್ದಲ್ಲಿಗೇ ಅಂಟಿಸಿ, ಪುಸ್ತಕವನ್ನು ಮಿಕ್ಕವುಗಳ ಜೊತೆ ಉಗ್ರಾಣಕ್ಕೆ ಕಟ್ಟಿಡುವುದೆಂದು ಆಯಿತು. ಅಂಟಿಸಲು ಬಷೀರ್ ಸಾಹೇಬರಿಗೆ ತಿಂಗಳ ಕೊನೆಯಲ್ಲಿ ಬರಹೇಳಿದರು.

ಫಾದರ್ ವಾದ ಮಾಡಲಿಲ್ಲ. ಕಿಟಕಿಯ ಬಳಿ ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕುಳಿತರು. ಹೊರಗೆ ಸಂಜೆಯ ಮಳೆ ದಬದಬ ಸುರಿಯುತ್ತಿತ್ತು. "ಬದುಕಿದ್ದಾಗಲೇ ಒಮ್ಮೆ ಎರಡಾಗಿದ್ದ ಪಾಪ," ಎಂದರು. "ಈಗ ಮತ್ತೆ ನಾವು..."

ಮಾತು ಅಲ್ಲಿಗೆ ನಿಂತಿತು. ಯೋಚಿಸುತ್ತಿದ್ದಾರೆಂದು ತಿಳಿದೆ. ಮಸೂರ ಅವರ ಬಲಗೈಯಿಂದ ಜಾರಿ ಮೇಜಿನ ಅಂಚಿಗೆ ಬಡಿದು ನೆಲಕ್ಕೆ ಬಿತ್ತು, ಒಡೆಯಲಿಲ್ಲ. ಅದನ್ನು ಎತ್ತಿಕೊಂಡು ಏಳುವಾಗ ಅವರ ಬಾಯಿಯ ಬಲಬದಿ ಕೆಳಗೆ ಇಳಿದಿತ್ತು. ಎಡಗೈ ಹಾಳೆಗಳನ್ನು ಮೇಜಿನ ಒಳಕ್ಕೆ, ತಮ್ಮಿಂದ ದೂರಕ್ಕೆ ತಳ್ಳುತ್ತಿತ್ತು. ತಾವು ಅದರ ಮೇಲೆ ಬೀಳಬಾರದೆಂದು. ನಾನು ಅವರ ಭುಜ ಹಿಡಿದೆ, ಕೂಗಿದೆ. ಯಾರನ್ನು ಕೂಗಿದೆನೋ ನೆನಪಿಲ್ಲ.

ಆಸ್ಪತ್ರೆಯಿಂದ ಅವರನ್ನು ಅದೇ ಕಾಂಪೌಂಡಿನ ಹಿರಿಯ ಪಾದ್ರಿಗಳ ಮನೆಗೆ ತಂದರು. ಬಲಗೈ ಸತ್ತಿತ್ತು, ಮಾತು ಹೋಗಿತ್ತು. ಹೇಳಿದ್ದು ತಿಳಿಯುತ್ತದೆಯೇ ಎಂಬುದು ಯಾರಿಗೂ ಖಚಿತವಿರಲಿಲ್ಲ. ನೋಡಿಕೊಳ್ಳುತ್ತಿದ್ದ ಸಿಸ್ಟರ್ ತೆರೇಸಮ್ಮ ಮಕ್ಕಳ ಸ್ಲೇಟೊಂದನ್ನು ತಂದು, ಎಡಗೈಗೆ ಸೀಮೆಸುಣ್ಣ ಕೊಟ್ಟು, "ಹೆಸರು ಬರೀರಿ ಫಾದರ್, ನಿಮ್ಮ ಹೆಸರು ಬರೀರಿ," ಎಂದು ಪುಸಲಾಯಿಸುತ್ತಿದ್ದರು.

ನಾನು ಹೋದ ದಿನ ಅವರು ಬರೆದರು. ಗೀಟು ಓಲಾಡಿತು, ಅಕ್ಷರ ಒಂದು ದೊಡ್ಡದು ಒಂದು ಚಿಕ್ಕದು, ಒಂದನೇ ಇಯತ್ತೆಯ ಮಗುವಿನದರಂತೆ. ಅವರ ಮೊದಲಿನ ಬರಹ ಬಲ್ಲವರು ಯಾರೂ ಇದು ಅವರದೆಂದು ಹೇಳಲಾರರು. "ನೋಡಿ, ಪಾಪ, ಎಲ್ಲಾ ಮರ್ತೋಗಿದೆ," ಎಂದರು ಸಿಸ್ಟರ್ ತಗ್ಗಿದ ದನಿಯಲ್ಲಿ. ಆದರೆ ಕೈ ನಿಂತಿರಲಿಲ್ಲ. 'ಇನ್ನಾಸಪ್ಪ' ಎಂಬುದರ ಒಡಲುಗಳೆಲ್ಲ ಮುಗಿದ ಮೇಲೆ ಆ ಎಡಗೈ ನಿಧಾನವಾಗಿ ಮೊದಲಿಗೆ ಹಿಂತಿರುಗಿತು. ನಡುಗುತ್ತ, ಒಂದೊಂದಾಗಿ, ಮೇಲಿನದನ್ನು ಇಟ್ಟುಕೊಂಡು ಹೋಯಿತು. ಮೊದಲು ತಲೆ, ಆಮೇಲೆ ಪೇಟ.

ನಾನು ಸಿಸ್ಟರ್‌ಗೆ ಹೇಳಿದೆ: "ಏನೂ ಮರ್ತಿಲ್ರಿ ಅವರು."

ಅಲ್ಲಿಂದ ಎದ್ದು, ಅಂಗಳದ ನೀರು ತುಳಿದುಕೊಂಡು ಗ್ರಂಥಾಲಯಕ್ಕೆ ಬಂದೆ. ಹಾಳೆಗಳನ್ನು ಕಿಟಕಿಯ ಬೆಳಕಿಗೆ ತಂದೆ. ಲ್ಯಾಟಿನ್ ಬರೆಯುತ್ತಿದ್ದವರು ಪದಗಳನ್ನು ಮೊಟಕು ಮಾಡಿ, ಮೊಟಕಾಗಿದೆ ಎಂಬುದಕ್ಕೆ ಗುರುತಾಗಿ ಮೇಲೊಂದು ಅಡ್ಡಗೆರೆ ಎಳೆಯುತ್ತಿದ್ದರು. ಗರಿಯನ್ನು ಒಮ್ಮೆ ಅದ್ದಿದರೆ ಕೆಲವು ಪದಗಳವರೆಗೆ ಶಾಯಿ ಬರುತ್ತದೆ. ಬಣ್ಣ ಗಾಢದಿಂದ ತೆಳುವಿಗೆ ಇಳಿದು, ಮತ್ತೆ ಅದ್ದಿದಾಗ ಗಾಢವಾಗುತ್ತದೆ. ಪದ ಮುಗಿದ ಕೂಡಲೇ ಗೆರೆ ಎಳೆದಿದ್ದರೆ ಗೆರೆಗೂ ಪದಕ್ಕೂ ಒಂದೇ ಬಣ್ಣವಿರಬೇಕು. ದ್ವೀಪದ ಲಿಪಿಯ ಹಾಳೆಯಲ್ಲಿ ಹಾಗಿರಲಿಲ್ಲ. ತೆಳು ಪದದ ಮೇಲೆ ಗಾಢ ಗೆರೆ, ಗಾಢ ಪದದ ಮೇಲೆ ಮಾಸಲು ಗೆರೆ. ಪದಗಳನ್ನು ಬಿಟ್ಟು ಗೆರೆಗಳನ್ನಷ್ಟೇ ನೋಡುತ್ತ ಹೋದರೆ ಸಾಲಿನ ಎಡದಿಂದ ಬಲಕ್ಕೆ ಅವುಗಳ ಬಣ್ಣ ಒಂದೇ ಸಮನೆ ಇಳಿಯುತ್ತಿತ್ತು. ಸಾಲನ್ನು ಪೂರ್ತಿ ಬರೆದು, ಗರಿಯನ್ನು ಅದ್ದಿ, ಮೊದಲಿಗೆ ಬಂದು, ಗೆರೆಗಳನ್ನೆಲ್ಲ ಒಟ್ಟಿಗೆ ಹಾಕಿಕೊಂಡು ಹೋಗಿದ್ದ. ತೇವವಲ್ಲ ಅದು.

ಎರಡನೆಯ ಹಾಳೆಯನ್ನು ಬೆಳಕಿಗೆ ತಿರುಗಿಸಲು ಹೆದರಿಕೆಯಾಯಿತು. ತಿರುಗಿಸಿದೆ. ದುಂಡು ಅಕ್ಷರಗಳು, ಹೊಸ ಲಿಪಿ, ಎಲ್ಲವೂ ಬೇರೆ. ಗೆರೆಗಳು ಮಾತ್ರ ಎಡದಿಂದ ಬಲಕ್ಕೆ ಹಾಗೆಯೇ ಇಳಿಯುತ್ತಿದ್ದವು. ಗೆರೆಯ ಬಲತುದಿಯಲ್ಲಿ, ಗರಿ ಎತ್ತುವಾಗ ಬಿದ್ದ ಪುಟ್ಟ ಕೊಕ್ಕೆಯೂ ಎರಡರಲ್ಲೂ ಒಂದೇ.

ಹೊಸ ವಿವರಣೆ ಬರೆದುಕೊಂಡು ರೆಕ್ಟರ್ ಬಳಿ ಹೋದೆ. ಅವರು ಎರಡು ಸಲ ಓದಿದರು.

"ಒಂದೇ ಕೈ 'ಇರಬಹುದು' ಅಂತ ಬರ್ದಿದೀರಿ. 'ಹೌದು' ಅಂತ ಬರೀಬಾರ್ದಾ? ನಂಗೆ ಚೆನ್ನೈಗೆ ಫೋನ್ ಮಾಡೋಕೆ ಈಸಿ ಆಗುತ್ತೆ."

"ಬರೀಲಿಕ್ಕ ಬರಂಗಿಲ್ರಿ. ಒಂದೇ ಗುರು ಕಲಿಸಿದ ಇಬ್ಬರೂ ಇರಬಹುದು. ಬ್ಯಾರೆ ಮಾಡಬಾರ್ದು ಅನ್ನೋದಷ್ಟು ಖಾತ್ರಿ."

"ಇನ್ನಾಸಪ್ಪನವರಿಗೆ ಗೊತ್ತಾ ಇದು?"

"ನನಗಿಂತ ಮೊದಲೇ ಗೊತ್ತಿತ್ರಿ."

ಅವರು ನನ್ನ ಮುಂದೆಯೇ ಫೋನ್ ಮಾಡಿದರು. ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು, ನಡುವೆ ಒಮ್ಮೆ ದನಿ ಏರಿಸಿದರು. ಇಟ್ಟ ಮೇಲೆ, "ಎರಡೂ ಒಟ್ಟಿಗೆ ಕಳಿಸಿ ಅಂತಿದಾರೆ. ಒಂದೇ ಫೋಲ್ಡರಲ್ಲಿ," ಎಂದರು. ಬಷೀರ್ ಸಾಹೇಬರಿಗೆ ಅಂಟಿಸುವ ಕೆಲಸ ತಪ್ಪಿ ಫೋಲ್ಡರ್ ಮಾಡುವ ಕೆಲಸ ಬಂತು. "ಕೊನೆಗೂ ಅಣ್ಣತಮ್ಮನೇ ಆದ್ರಾ?" ಎಂದರು ಅವರು. ಅಣ್ಣತಮ್ಮನಲ್ಲ, ಒಬ್ಬನೇ ಇರಬಹುದು ಎಂದೆ.

ಫಾದರ್‌ಗೆ ಹೇಳಲು ಮಧ್ಯಾಹ್ನ ಹೋದೆ. ಹಾಸಿಗೆಯ ಪಕ್ಕ ಕುಳಿತು, ಶಾಯಿಯ ಬಣ್ಣ ಇಳಿಯುವುದನ್ನೂ ಕೊಕ್ಕೆಯನ್ನೂ ಕ್ರಮವಾಗಿ ಹೇಳಿದೆ. ಎರಡೂ ಒಟ್ಟಿಗೆ ಹೋಗುತ್ತವೆ ಎಂದೆ. ಅವರ ಬಲಗಣ್ಣಿನಿಂದ ನೀರು ಇಳಿಯಿತು. ಆ ಕಣ್ಣು ಕಾಯಿಲೆ ಬಿದ್ದಂದಿನಿಂದ ಸೋರುತ್ತಿತ್ತು, ಹಾಗಾಗಿ ಅದು ಅಳುವೆಂದು ನಾನು ಹೇಳಲಾರೆ. ಎಡಗೈ ಹೊದಿಕೆಯ ಮೇಲೆ ಏನನ್ನೋ ಹುಡುಕಿತು. ಸಿಸ್ಟರ್ ಸ್ಲೇಟು ಕೊಟ್ಟರು.

ಅವರು ಬರೆಯತೊಡಗಿದರು. ಮೊದಲು ಶಕಾರದ ಒಡಲು. ಆಮೇಲೆ ಒಂದು ಸೊನ್ನೆ. ತಲೆಕಟ್ಟಿಲ್ಲದ ರ ಬರೀ ಸೊನ್ನೆಯಂತೆಯೇ. ಆಮೇಲೆ ಣ, ಅದಕ್ಕೆ ತಲೆಕಟ್ಟೇ ಇಲ್ಲ. ಕೊನೆಗೆ ಮಕಾರ, ಅದರ ಒತ್ತು. ನನ್ನ ಹೆಸರೆಂದು ಗೊತ್ತಾಗಿ ಕಾದೆ. ಕೈ ಹಿಂತಿರುಗಿ ಮೊದಲಿಗೆ ಬರಬೇಕಿತ್ತು. ಬರುವ ದಾರಿಯಲ್ಲಿ ಸ್ಲೇಟಿನ ಚೌಕಟ್ಟಿನ ಮೇಲೆ ವಿರಮಿಸಿತು. ಕಣ್ಣು ಮುಚ್ಚಿದರು.

"ಸಾಕು ಇವತ್ತಿಗೆ, ದಣಿದಿದಾರೆ," ಎಂದರು ಸಿಸ್ಟರ್. "ನಾಳೆ ಪೂರ್ತಿ ಮಾಡ್ತಾರೆ ಬಿಡಿ."

ಸ್ಲೇಟನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬಂದೆ. ಮರುದಿನ ಬೆಳಿಗ್ಗೆ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಸಿಸ್ಟರ್ ಫೋನ್ ಮಾಡಿದರು. ಗದ್ದಲಕ್ಕೆ ಮಾತು ಕೇಳಿಸಲಿಲ್ಲ, ಆದರೂ ತಿಳಿಯಿತು. ಬಸ್ಸು ಬಂತು, ಹತ್ತಿದೆ. ಮಣ್ಣಾದ ಮೇಲೆ ಸಿಸ್ಟರ್ ಸ್ಲೇಟನ್ನು ತಂದು ನನ್ನ ಕೈಗಿತ್ತರು. ಒರೆಸಲು ಮನಸ್ಸು ಬರಲಿಲ್ಲ ಎಂದರು. ಅಂದಿನಿಂದ ಅದು ಅಣ್ಣನ ಮನೆಯಲ್ಲಿ ಅಲಮಾರಿನ ಮೇಲಿತ್ತು. ಈ ಮಳೆಗಾಲ ಶುರುವಾದ ಮೇಲೆ ಒಂದು ದಿನ ಇಳಿಸಿ ನೋಡಿದರೆ ಮಕಾರದ ಅಂಚು ಉದುರಿತ್ತು.

ಬಷೀರ್ ಸಾಹೇಬರು ರಟ್ಟು, ಅಳತೆಪಟ್ಟಿ ಹಿಡಿದು ಬಂದರು. ನಾನು ಬಟ್ಟೆ ತೆಗೆದೆ. ಅವರು ಕನ್ನಡಕ ಇಳಿಸಿಕೊಂಡು ಬಾಗಿ ನೋಡಿದರು.

"ನಿಮ್ ಹೆಸ್ರಲ್ವಾ ಇದು? ಅರ್ಧಕ್ಕೇ ನಿಂತ್ಬಿಟ್ಟಿದೆ." ಅಳತೆಪಟ್ಟಿಯನ್ನು ಕೆಳಗಿಟ್ಟರು. "ಫಾದರ್ ಬರೆದಿದ್ದಾ?"

ಹೌದೆಂದು ತಲೆಯಾಡಿಸಿದೆ.

ರಟ್ಟಿಗೆ ಗುರುತು ಹಾಕುವ ಸೀಮೆಸುಣ್ಣ ಅವರ ಮೇಜಿನ ಮೇಲಿತ್ತು. ಅದನ್ನು ನನ್ನ ಕಡೆ ಚಾಚಿದರು. "ಮೇಲಿಂದು ಮೂರೇ ಗೀಟು ಮೇಡಂ. ಹಾಕ್ಬಿಡಿ, ಪೂರಾ ಆಗುತ್ತೆ. ಅವರ ರೂಹ್‌ಗೂ ಸಮಾಧಾನ."

"ಬ್ಯಾಡ್ರಿ ಸಾಹೇಬ್ರ," ಎಂದೆ. "ಹಾಕಿದ್ರ ಅದು ಎರಡು ಕೈಯ ಬರಹ ಆಗ್ತದ."

ಅವರು ಸೀಮೆಸುಣ್ಣವನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಉಸಿರು ತಾಗದಂತೆ ಮುಖವನ್ನು ಪಕ್ಕಕ್ಕೆ ತಿರುಗಿಸಿ ಸ್ಲೇಟನ್ನು ಅಳೆಯತೊಡಗಿದರು.